ಮಾದರಿ ಚಾಲಕರು ಬೇಕಾಗಿದ್ದಾರೆ

ಆಸ್ಪತ್ರೆಗೆ ಮುಂಬಾಗಿಲಿನಿಂದ ಹೋಗಿ ಬರುವವರಿಗೆ ಬ್ರೇಕಣ್ಣನ ಪರಿಚಯ ಇರುವುದಿಲ್ಲ. ಅವನದು ಹಿಂದಿನ ಗೇಟು. ಜನರೇಟರ್ ಕೋಣೆ ದಾಟಿ, ಕಸದ ಡಬ್ಬಗಳ ಸಾಲು ಮುಗಿಯುವ ಕಡೆ ಒಂದು ಇಳಿಜಾರು ಇದೆ. ಮೂರು ದಶಕಗಳಿಂದ ದಿನಾ ಬೆಳಿಗ್ಗೆ ಅವನ ಲಾಂಡ್ರಿ ವ್ಯಾನು ಆ ಇಳಿಜಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಒಗೆದು ಮಡಿಸಿದ ಹಾಸಿಗೆ ಬಟ್ಟೆಯ ಟ್ರಾಲಿಗಳು ಇಳಿಯುತ್ತಿದ್ದವು, ರಕ್ತ, ಔಷಧಿ, ಬೆವರು ಎಲ್ಲವೂ ಹತ್ತಿದ ಬಟ್ಟೆಯ ಮೂಟೆಗಳು ಏರುತ್ತಿದ್ದವು. ನೀವು ಎಂದಾದರೂ ಆ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದರೆ, ನಿಮ್ಮ ಬೆನ್ನ ಕೆಳಗಿದ್ದ ಬಟ್ಟೆ ತಂದವನು ಅವನು. ಡಾಕ್ಟರಿಗೆ ಕೈ ಮುಗಿದಿರಿ, ನರ್ಸಿಗೆ ಮುಗಿದಿರಿ. ಬಟ್ಟೆಗೆ ಯಾರು ಮುಗಿಯುತ್ತಾರೆ?

ಬ್ರೇಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಂಬುಲೆನ್ಸಿನ ಡ್ರೈವರ್ ಇಟ್ಟದ್ದು. ಕಾಣದೇ ಇರುವುದಕ್ಕೆಲ್ಲ ಬ್ರೇಕು ಹಾಕುವ ಚಟ ಇವನಿಗೆ. ನಿಂತ ಬಸ್ಸಿನ ಪಕ್ಕ ಹಾಯುವಾಗ, ಅದರ ಮರೆಯಿಂದ ಯಾರೂ ಬರದಿದ್ದರೂ ಇವನ ಕಾಲು ಬ್ರೇಕಿನ ಮೇಲೆ. ಶಾಲೆಯ ಗೋಡೆ ಕಂಡರೆ ಬ್ರೇಕು. ಓರೆ ತೆರೆದ ಗೇಟು ಕಂಡರೆ ಬ್ರೇಕು. ಹಿಂದೆ ಬರುವವರು ಹಾರ್ನ್ ಒತ್ತಿ ಅವನ ಇಡೀ ವಂಶವನ್ನು ನೆನೆಯುತ್ತಿದ್ದರು.

"ಯಾರಿದಾರೆ ಅಂತ ಬ್ರೇಕ್ ಹಾಕ್ದೆ ಪುಣ್ಯಾತ್ಮಾ?"

"ಯಾರೂ ಇಲ್ಲ. ಬಂದ್ರೆ?"

"ಬರಲಿಲ್ವಲ್ಲ!"

"ಹಾಕಿದ್ದಕ್ಕೇ ಬರಲಿಲ್ಲ ಅಂದ್ಕೋ. ನಿಂದೇನ್ ಗಂಟು ಹೋಯ್ತು?"

ಅವನನ್ನು ದೇವರ ಪೀಠಕ್ಕೆ ಏರಿಸಲು ನಾನು ಇದನ್ನು ಬರೆಯುತ್ತಿಲ್ಲ. ಲಾಂಡ್ರಿಯ ಗೇಟಿನ ಕಂಬಕ್ಕೆ ವ್ಯಾನಿನ ಸೊಂಟ ತಾಗಿಸಿ ಕಂಬವನ್ನೇ ಓರೆ ಮಾಡಿದ್ದಾನೆ. ಯಾರದೋ ಸ್ಕೂಟರಿನ ಕನ್ನಡಿ ಮುರಿದು ಅರ್ಧ ದಿನ ಬೈಗುಳ ತಿಂದಿದ್ದಾನೆ. ಕುತ್ತಿಗೆ ಮೊದಲಿನಂತೆ ತಿರುಗುವುದಿಲ್ಲ. ಮೂಟೆ ಎತ್ತಿದ ದಿನ ಮೊಣಕಾಲು ಮಾತಾಡುತ್ತದೆ. ವಯಸ್ಸು ಅರವತ್ತೆಂಟು. ಆದರೆ ಓಡಿಸುವುದೊಂದನ್ನು ಬಿಟ್ಟು ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ. ರಜೆಯ ದಿನ ಮನೆಯ ಕುರ್ಚಿಯಲ್ಲಿ ಕೂತರೂ ಬಲಗಾಲು ಮಾತ್ರ ನೆಲವನ್ನು ಒತ್ತಿಕೊಂಡೇ ಇರುತ್ತಿತ್ತು. "ಕಾಲು ತೆಗೀರಿ, ಮನೆ ನಿಂತೇ ಇದೆ" ಎಂದು ಹೆಂಡತಿ ಗುಡಿಸುವಾಗ ಹೇಳುತ್ತಿದ್ದಳು. ಅವನ ಲೈಸೆನ್ಸಿನ ನವೀಕರಣ ಹತ್ತಿರ ಬರುತ್ತಿತ್ತು. ಲೈಸೆನ್ಸ್ ಇದ್ದರೆ ವ್ಯಾನು, ವ್ಯಾನು ಇದ್ದರೆ ಬ್ರೇಕಣ್ಣ. ಲೆಕ್ಕ ಅಷ್ಟೇ ಇತ್ತು.

ಆ ಹೊತ್ತಿಗೆ ಹಿಂದಿನ ಗೇಟಿನ ಗೋಡೆಗೆ ಒಂದು ನೋಟಿಸ್ ಬಂತು. ಊರಿನ ಆಚೆ ದಿಕ್ಕಿನಲ್ಲಿರುವ ಸಂಶೋಧನಾ ಸಂಸ್ಥೆಯವರು ಅಂಟಿಸಿದ್ದು. ವಯಸ್ಸಾದವರು ಹೇಗೆ ವಾಹನ ಓಡಿಸುತ್ತಾರೆ ಎಂಬ ಅಧ್ಯಯನವಂತೆ. ದಪ್ಪ ಅಕ್ಷರದಲ್ಲಿ ತಲೆಬರಹ: 'ಹಿರಿಯ ಮಾದರಿ ಚಾಲಕರು ಬೇಕಾಗಿದ್ದಾರೆ.' ಕೆಳಗೆ, ಅರವತ್ತೈದು ದಾಟಿದವರು ಸ್ವಯಂಪ್ರೇರಿತರಾಗಿ ಮುಂದೆ ಬರಬೇಕೆಂದು ಕೋರಿಕೆ.

ಹಿಂದಿನ ಗೇಟಿನಲ್ಲಿ ಬೆಳಿಗ್ಗೆ ನಾಲ್ಕಾರು ಗಾಡಿ ನಿಲ್ಲುತ್ತವೆ. ಓಡಿಸುವವರಲ್ಲಿ ಹೆಚ್ಚಿನವರು ತಲೆ ಬೆಳ್ಳಗಾದವರೇ. ಆ ದರಕ್ಕೆ, ಆ ಹೊತ್ತಿಗೆ, ಬೇರೆ ಯಾರು ಬರುತ್ತಾರೆ? ಆಮ್ಲಜನಕದ ಸಿಲಿಂಡರ್ ತರುವವನು ಕನ್ನಡಕವನ್ನು ಮೂಗಿನ ತುದಿಗೆ ತಂದು ನೋಟಿಸನ್ನು ಗಟ್ಟಿಯಾಗಿ ಓದಿದ.

"ಮಾದರಿ ಚಾಲಕರು ಬೇಕಂತೆ ಕಣ್ರೋ. ಯಾರಿದೀರಾ ಇಲ್ಲಿ? ಕೈ ಎತ್ತಿ ನೋಡಣ."

"ಆಂಬುಲೆನ್ಸ್ ಸಾಹೇಬ್ರಿದಾರಲ್ಲ. ಪೇಷಂಟಿಗಿಂತ ಮೊದ್ಲು ಸಿಗ್ನಲ್ ಸಾಯಿಸ್ತಾರೆ" ಎಂದ ಬ್ರೇಕಣ್ಣ.

"ನಾನು ಸಿಗ್ನಲ್ ಹಾರದಿದ್ರೆ ಪೇಷಂಟ್ ಹಾರ್ಹೋಗ್ತಾನೆ ಕಣಯ್ಯ" ಎಂದು ಆಂಬುಲೆನ್ಸಿನವನು ಟೀ ಲೋಟ ಕೆಳಗಿಟ್ಟ. "ನೀನೇ ಹೋಗು. ಆ ಕಂಬ ಇದೆಯಲ್ಲ, ಅದನ್ನೂ ಜೊತೇಲಿ ಕರ್ಕೊಂಡ್ಹೋಗು. ಸಾಕ್ಷಿ ಹೇಳತ್ತೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬ್ರೇಕಣ್ಣ.

"ಅಲ್ಲಿ ಕೂತು ನಾನು ಮಾದರಿ ಅಂದ್ರೆ ಬಾಯಿಗೆ ಹುಳ ಬೀಳತ್ತೆ. ನಾವೆಲ್ಲ ಹೋದ್ರೆ ಬಾಗಿಲಲ್ಲೇ ಮಂಗಳಾರತಿ ಮಾಡಿ ಕಳಿಸ್ತಾರೆ. ಯಾರೂ ಹೋಗ್ಬೇಡ್ರಪ್ಪಾ, ಮರ್ಯಾದೆ ಕಳ್ಕೋಬೇಡಿ. ಮಾದರಿ ಅಂದ್ರೆ ನಮ್ಮ ಭಾವ. ಅವರನ್ನ ಕಳಿಸ್ತೀನಿ."

ಹಾಗೆಂದವನು ಹೇಳಿದಂತೆಯೇ ಮಾಡಿದ. ಹೆಂಡತಿಯ ಅಣ್ಣನಿಗೆ ಫೋನ್ ಹಚ್ಚಿ ಸುದ್ದಿ ಮುಟ್ಟಿಸಿದ. ಹೆಂಡತಿ ಒಲೆಯ ಕಡೆಯಿಂದಲೇ ಕೇಳಿಸಿಕೊಂಡು, "ಮಾದರಿ ಗಂಡಂದಿರು ಬೇಕು ಅಂತ ಹಾಕಿದ್ರೂ ನೀವು ನಮ್ಮಣ್ಣನ್ನೇ ಕಳಿಸ್ತಿದ್ರಿ" ಎಂದಳು.

ಭಾವನ ವಿಷಯ ಹೇಳಬೇಕು. ಲೆಕ್ಕಪತ್ರದ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಎಲ್ಲರೂ ಅವರಿಗೆ ಬಹುವಚನ ಕೊಡುವುದರಿಂದ ನಾನೂ ಕೊಡುತ್ತಿದ್ದೇನೆ. ಎಂಟು ಮೂಟೆ ಹೊತ್ತು ಬಂದವನಿಗೆ ಏಕವಚನ, ಎಂಟು ಗಂಟೆ ಕೂತು ಬಂದವರಿಗೆ ಬಹುವಚನ. ಇದು ನನ್ನ ಕೈಬರಹದಲ್ಲೂ ಇಳಿದುಬಿಟ್ಟಿದೆ, ಇರಲಿ. ಭಾವನ ಕಾರಿಗೊಂದು ಹೊದಿಕೆ, ಸೀಟಿಗೊಂದು ಹೊದಿಕೆ, ಸ್ಟಿಯರಿಂಗಿಗೊಂದು ಹೊದಿಕೆ. ವಾರಕ್ಕೊಮ್ಮೆ ಎಲ್ಲ ಬಿಚ್ಚಿ ಹೊರಗೆ ತೆಗೆದು ನಿವೃತ್ತರ ಸಂಘದ ಓದುವ ಕೋಣೆಯವರೆಗೆ ಹೋಗಿ, ಬಂದು, ಮತ್ತೆ ಹೊದಿಸುತ್ತಾರೆ. ಸಂಘದಲ್ಲಿಯೂ ಅದೇ ನೋಟಿಸ್ ಹಾಕಿದ್ದರು. ಅಲ್ಲಿ ಯಾರೂ ನಗಲಿಲ್ಲ. ಮಾದರಿ ಎಂಬ ಪದ ಕಂಡ ಕೂಡಲೇ ಒಬ್ಬೊಬ್ಬರೂ ಅಂಗಿ ಸರಿ ಮಾಡಿಕೊಂಡರು. ತಮ್ಮನ್ನು ಗುರುತಿಸಲು ಇಷ್ಟು ತಡವಾಯಿತಲ್ಲ ಎಂಬ ಸಣ್ಣ ಬೇಸರವೂ ಇತ್ತಂತೆ. ಪರೀಕ್ಷೆಯಲ್ಲಿ ಪರದೆಯ ಮೇಲೆ ಚುಕ್ಕೆ ನೋಡಿ ಪೆಡಲ್ ಒತ್ತಬೇಕು ಎಂದು ಮೊದಲು ಹೋದವರು ಬಂದು ಹೇಳಿದರು. ಉಳಿದವರು ಸಂಘದ ಕಂಪ್ಯೂಟರಿನಲ್ಲಿ ಅಂಥದೇ ಆಟ ಹುಡುಕಿ ಕೈ ಪಳಗಿಸಿಕೊಂಡು ಹೋದರು.

ಮುಂದಿನ ಭಾನುವಾರ ಭಾವ ತಂಗಿಯ ಮನೆಗೆ ಊಟಕ್ಕೆ ಬಂದವರು ಸಂಸ್ಥೆ ಕೊಟ್ಟ ಧನ್ಯವಾದ ಪತ್ರವನ್ನೂ ತಂದಿದ್ದರು. ಆಗಲೇ ಕಟ್ಟು ಹಾಕಿಸಿಯಾಗಿತ್ತು.

"ಒಬ್ಬಳು ಹುಡುಗಿ, ಸಂಶೋಧಕಿ, ಎಷ್ಟು ವಿನಯ ಗೊತ್ತಾ? ಎಲ್ಲಾ ಬಿಡಿಸಿ ಬಿಡಿಸಿ ಕೇಳಿದ್ಲು" ಎಂದರು ಭಾವ. "ಮಳೇಲಿ ಓಡಿಸ್ತೀರಾ ಅಂದ್ಲು. ಛೇ, ತೆಗೆಯೋದೇ ಇಲ್ಲ ಅಂದೆ. ಕತ್ತಲಾದ್ಮೇಲೆ? ಇಲ್ಲ. ಶಾಲೆ ಬಿಡೋ ಹೊತ್ತಲ್ಲಿ? ಇಲ್ಲ. ದೊಡ್ಡ ಸರ್ಕಲ್ಲು? ಆ ಕಡೆ ತಲೇನೇ ಹಾಕಲ್ಲ, ಸುತ್ತು ಹಾಕಿ ಹೋಗ್ತೀನಿ."

"ಮತ್ತೆ ಓಡಿಸೋದು ಯಾವಾಗ ಭಾವ?" ಬ್ರೇಕಣ್ಣ ಕೇಳಿದ.

"ಉಳಿದ ಹೊತ್ತಲ್ಲಿ."

"ಉಳಿದ ಹೊತ್ತಲ್ಲಿ ಒರೆಸ್ತಾನೆ" ಎಂದಳು ತಂಗಿ, ಅಣ್ಣನ ತಟ್ಟೆಗೆ ಬಡಿಸುತ್ತಾ.

"ನಗಬೇಡ. ಅದಕ್ಕೆ ಸ್ವಯಂ ನಿಯಂತ್ರಣ ಅಂತಾರೆ. ಬರ್ಕೊಂಡ್ಲು ಆ ಹುಡುಗಿ. ನೀನೂ ಕಲಿಬೇಕಪ್ಪಾ. ಮಳೆ ಬಂದ್ರೆ ಸುಮ್ನೆ ನಿಲ್ಲಿಸಿಬಿಡು."

"ಆಯ್ತು ಭಾವ, ನಿಲ್ಲಿಸ್ತೀನಿ. ಆಪರೇಷನ್ ಆದವರು ಬರೀ ರಬ್ಬರ್ ಶೀಟಿನ ಮೇಲೆ ಮಲಗಿರ್ಲಿ. ಬಿಸಿಲು ಬಂದ್ಮೇಲೆ ಬಟ್ಟೆ ಹಾಸಿದ್ರಾಯ್ತು."

ಭಾವನಿಗೆ ಇದು ತಮಾಷೆ ಎಂದು ಗೊತ್ತಾಗಲಿಲ್ಲ. ಒಪ್ಪಿಗೆ ಎಂದುಕೊಂಡು ತಲೆಯಾಡಿಸಿದರು.

ಕೆಲವು ತಿಂಗಳ ಮೇಲೆ ಪತ್ರಿಕೆಗಳಲ್ಲಿ ಸುದ್ದಿ ಬಂತು. ಹಿರಿಯ ಚಾಲಕರು ನಾವು ತಿಳಿದದ್ದಕ್ಕಿಂತ ಚುರುಕು, ಅಧ್ಯಯನದಿಂದ ಸಾಬೀತು. ನಾನೂ ಓದಿದೆ, ಸಂತೋಷಪಟ್ಟೆ. ವಯಸ್ಸಾದವರ ಬಗ್ಗೆ ಒಂದು ಒಳ್ಳೆಯ ಮಾತು ಅಚ್ಚಾದದ್ದೇ ಅಪರೂಪ. ಸಂತೋಷಪಟ್ಟದ್ದಕ್ಕೆ ನಾಚಿಕೆಯಾಗಲು ಮತ್ತಷ್ಟು ತಿಂಗಳು ಬೇಕಾಯಿತು. ಸಾರಿಗೆ ಕಚೇರಿಯವರು ಅದೇ ಅಧ್ಯಯನವನ್ನು ಕೈಗೆತ್ತಿಕೊಂಡು ಹೊಸ ನಿಯಮ ಮಾಡಿದರು. ಅರವತ್ತೈದು ದಾಟಿದವರು ಲೈಸೆನ್ಸ್ ನವೀಕರಿಸಬೇಕಾದರೆ ಆ ಪರದೆಯ ಪರೀಕ್ಷೆ ಪಾಸಾಗಬೇಕು. ಪಾಸಿನ ಗೆರೆ ಎಲ್ಲಿ? ಅಧ್ಯಯನಕ್ಕೆ ಬಂದವರಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರು ಎಷ್ಟು ಅಂಕ ತೆಗೆದರೋ ಅಲ್ಲಿ. ಉದಾರವಾಗಿ ಇಟ್ಟಿದ್ದೇವೆ, ಅಧ್ಯಯನದಲ್ಲಿ ಒಬ್ಬರೂ ಫೇಲಾಗದಷ್ಟು ಕೆಳಗಿದೆ ಎಂದು ಕಚೇರಿಯ ದೊಡ್ಡವರು ಹೇಳಿಕೆ ಕೊಟ್ಟರು. ಅಧ್ಯಯನಕ್ಕೆ ಬಂದವರು ಯಾರು ಎಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಭಾವನ ಸಂಘದ ಅತ್ಯಂತ ನಿಧಾನದ ಸದಸ್ಯರು ನಿದ್ದೆ ಮಾಡಿ, ತಿಂಡಿ ತಿಂದು, ಅಭ್ಯಾಸ ಮಾಡಿ, ಬೆಳಗಿನ ತಂಪಿನಲ್ಲಿ ಹೋಗಿ ತೆಗೆದ ಅಂಕವೇ ಊರಿನ ಎಲ್ಲ ಮುದುಕರಿಗೂ ಹೊಸ್ತಿಲಾಯಿತು.

ಇದು ಹೇಗೆ ಎಂದು ಲಾಂಡ್ರಿಯಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಟ್ಟೆಯ ಕಟ್ಟು ಆಸ್ಪತ್ರೆಗೆ ಹೋದಾಗ ವಾರ್ಡಿನ ಸಿಸ್ಟರ್ ಎಲ್ಲವನ್ನೂ ಬಿಚ್ಚಿ ನೋಡುವುದಿಲ್ಲ, ಮೇಲಿನದೊಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಅದಕ್ಕೇ ಲಾಂಡ್ರಿಯ ಮೇಲ್ವಿಚಾರಕಿ ಪ್ರತಿ ಕಟ್ಟಿನ ಮೇಲೂ ಹೊಸ ಬಟ್ಟೆಯೊಂದನ್ನು ಮಡಿಸಿ ಇಡುತ್ತಿದ್ದಳು. ಹಳದಿ ಕಲೆಯವು, ಅಂಚು ಹರಿದವು ಒಳಗೆ. ಬ್ರೇಕಣ್ಣ ಇದನ್ನು ದಿನಾ ನೋಡುತ್ತಿದ್ದ, ದಿನಾ ನಗುತ್ತಿದ್ದ, ದಿನಾ ಸಾಗಿಸುತ್ತಿದ್ದ. ಲಾಂಡ್ರಿಯವರದು ಮೋಸ, ಅವರಿಗೂ ಅದು ಗೊತ್ತು. ಕಚೇರಿಯವರಿಗೆ ತಾವು ಎತ್ತಿ ನೋಡಿದ್ದು ಮೇಲಿನ ಬಟ್ಟೆ ಎಂಬುದೇ ಗೊತ್ತಿರಲಿಲ್ಲ, ಅಥವಾ ಗೊತ್ತಾಗುವುದು ಬೇಕಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ಓದುಗರೇ ತೀರ್ಮಾನಿಸಲಿ.

ಬ್ರೇಕಣ್ಣನ ಸರದಿ ಬಂತು. ಬೆಳಗಿನ ಸಾಗಾಟ ಮುಗಿಸಿ, ಮೂಟೆ ಇಳಿಸಿ, ಮುಖಕ್ಕೆ ನೀರು ಹಾಕಿಕೊಂಡು ಸಾರಿಗೆ ಕಚೇರಿಗೆ ಹೋದ. ಪರೀಕ್ಷೆಯ ಕೋಣೆ ಕಿಟಕಿಯಿಲ್ಲದ್ದು. ಪರದೆಯ ಮುಂದೆ ಒಂದು ಸೀಟು, ಕೆಳಗೆ ಒಂದು ಪೆಡಲ್. ಪರೀಕ್ಷಕ ಕೆಟ್ಟವನೇನಲ್ಲ. ಬೆಳಿಗ್ಗೆಯಿಂದ ಅದೇ ಮಾತನ್ನು ಹೇಳಿ ಹೇಳಿ ಗಂಟಲು ಒಣಗಿದವನು.

"ರಸ್ತೆ ಕಾಣತ್ತೆ. ಕೆಂಪು ಚುಕ್ಕೆ ಬಂದ ತಕ್ಷಣ ಒತ್ತಬೇಕು. ಚುಕ್ಕೆ ಬಂದಾಗ ಮಾತ್ರ."

ಪರದೆಯ ಮೇಲೆ ರಸ್ತೆ ಓಡತೊಡಗಿತು. ಅಂಚಿನಲ್ಲಿ ನಿಂತ ಬಸ್ಸು. ಬ್ರೇಕಣ್ಣನ ಕಾಲು ಒತ್ತಿತು. ಚುಕ್ಕೆ ಬರಲಿಲ್ಲ. ಯಂತ್ರ ಕೀಂ ಎಂದಿತು.

"ಚುಕ್ಕೆ ಬಂದಿಲ್ವಲ್ಲ ಯಜಮಾನ್ರೇ."

"ಬಸ್ ನಿಂತಿತ್ತು."

"ಬಸ್ಸು ಸುಮ್ನೆ ಚಿತ್ರ. ಲೆಕ್ಕಕ್ಕಿಲ್ಲ. ಚುಕ್ಕೆ ನೋಡಿ."

ಮುಂದೆ ಓರೆ ತೆರೆದ ಗೇಟು. ಕಾಲು ಮತ್ತೆ ಒತ್ತಿತು. ಕೀಂ. ಮೈ ಬಿಗಿಹಿಡಿದು ಕೂತ. ಈ ಸಲ ಒತ್ತುವುದಿಲ್ಲ ಎಂದು ಕಾಲಿಗೆ ಹೇಳಿಕೊಂಡ. ಕಾಲನ್ನು ತಡೆಯುವುದರಲ್ಲೇ ಮನಸ್ಸು ನೆಟ್ಟಿದ್ದರಿಂದ ನಿಜವಾದ ಚುಕ್ಕೆ ಬಂದಾಗ ಒತ್ತುವುದು ತಡವಾಯಿತು. ಮೊದಲೇ ಒತ್ತಿದ್ದು ಒಂದು ತಪ್ಪು, ತಡವಾಗಿ ಒತ್ತಿದ್ದು ಇನ್ನೊಂದು. ಎಡಗಡೆ ಅಂಚಿನ ಎರಡು ಚುಕ್ಕೆಗಳನ್ನು ಅವನು ನೋಡಲೇ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ. ಮುಚ್ಚಿಟ್ಟರೆ ನನಗೂ ಲಾಂಡ್ರಿಯ ಕಟ್ಟಿಗೂ ವ್ಯತ್ಯಾಸ ಇರುವುದಿಲ್ಲ.

ಗೆರೆಗಿಂತ ಸ್ವಲ್ಪವೇ ಕೆಳಗೆ ಬಿದ್ದ.

"ಇನ್ನೊಂದ್ಸಲ ನೋಡ್ಲಾ?"

"ಒಂದೇ ಸಲ ಯಜಮಾನ್ರೇ, ನಿಯಮ. ನನ್ನ ಕೈಲಿಲ್ಲ. ಬೇಜಾರ್ ಮಾಡ್ಕೋಬೇಡಿ, ಇನ್ನು ಆರಾಮಾಗಿರಿ."

ಆರಾಮಾಗಿರಿ! ಈ ದೇಶದಲ್ಲಿ ಯಾರ ಕೆಲಸ ಕಿತ್ತುಕೊಂಡರೂ ಕೊನೆಗೆ ಕೈಗೆ ಕೊಡುವ ಪದ ಇದು. ಬ್ರೇಕಣ್ಣ ವ್ಯಾನನ್ನು ಕಚೇರಿಯ ಎದುರು ಬಿಟ್ಟು, ಬೀಗದ ಕೈ ಲಾಂಡ್ರಿಗೆ ತಲುಪಿಸಲು ನಡೆದೇ ಹೋದ. ಲೈಸೆನ್ಸ್ ಇಲ್ಲದೆ ಓಡಿಸುವುದು ತಪ್ಪಲ್ಲವೇ? ಮೇಲ್ವಿಚಾರಕಿ ಬೀಗದ ಕೈ ತೆಗೆದುಕೊಂಡು ಏನೋ ಹೇಳಲು ಹೋಗಿ, ಇಸ್ತ್ರಿ ಯಂತ್ರದ ಹಬೆಯ ಸದ್ದಿನಲ್ಲಿ ಅವನಿಗೆ ಕೇಳಿಸದು ಎಂಬಂತೆ ಬಿಟ್ಟುಬಿಟ್ಟಳು. ಅವನನ್ನು ಮಡಿಸುವ ಮೇಜಿಗೆ ಹಾಕಿದರು. ಬೇಡ ಎನ್ನಲಿಲ್ಲ. ಮೂರು ದಶಕ ಸಾಗಿಸಿದ ಬಟ್ಟೆಯನ್ನು ಮಡಿಸಲು ಬಾರದೆ, ಪಕ್ಕದ ಹೆಂಗಸರಿಂದ 'ಅಂಚಿಗೆ ಅಂಚು ಸೇರಿಸಿ ಅಣ್ಣಾ' ಎಂದು ಹೇಳಿಸಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತ.

ಅದೇ ವಾರ ಭಾವನ ನವೀಕರಣವೂ ಆಯಿತು. ಅದೇ ಕೋಣೆ, ಅದೇ ಪರದೆ. ಪರೀಕ್ಷಕ ಎದ್ದು ನಿಂತು ಕೈ ಕುಲುಕಿದನಂತೆ. ಈ ಸುದ್ದಿ ಹೇಳಲು ಭಾವ ಬಂದಾಗ ತಂಗಿ ಕುಡಿಯಲು ನೀರೂ ಕೊಡಲಿಲ್ಲ.

"ಅವರು ಪಾಸ್ ಮಾಡಿಸಿದ್ದು ನಿನ್ನನ್ನ ನಿನ್ನ ಜೊತೇಲೇ ಹೋಲಿಸಿ ಅಣ್ಣ. ಇವರನ್ನ ಫೇಲ್ ಮಾಡಿದ್ದೂ ನಿನ್ನ ಜೊತೇಲೇ ಹೋಲಿಸಿ."

"ನಾನೇನ್ ಮಾಡ್ಲಿ? ಕರೆದ್ರು, ಹೋದೆ. ಕಳಿಸಿದ್ದು ಇವನೇ ಅಲ್ವಾ?"

ಕೊನೆಗೆ ಭಾವನೇ ಸ್ವಲ್ಪ ಮೆತ್ತಗಾಗಿ, "ಆ ಸಂಶೋಧಕಿ ಒಳ್ಳೇ ಹುಡುಗಿ. ಹೋಗಿ ಕೇಳು. ಗೆರೆ ಬಂದಿರೋದು ಅವಳ ಅಧ್ಯಯನದಿಂದ ತಾನೇ? ಅವಳೊಂದು ಮಾತು ಹೇಳಿದ್ರೆ ಇನ್ನೊಂದು ಸಲ ಪರೀಕ್ಷೆಗೆ ಬಿಡಬಹುದು" ಎಂದರು.

ಬ್ರೇಕಣ್ಣ ರಜೆ ಹಾಕಿ ಎರಡು ಬಸ್ಸು ಬದಲಿಸಿ ಸಂಸ್ಥೆಗೆ ಹೋದ. ಕಿರಿದಾದ ಕೋಣೆ. ಗೋಡೆಗೆ ಒರಗಿಸಿದ ಹಳೆಯ ಕಾರಿನ ಸೀಟು, ವೈರುಗಳ ಗೋಜಲು, ಮುಚ್ಚಳವಿಲ್ಲದ ನೀರಿನ ಬಾಟಲಿ. ಸಂಶೋಧಕಿ ಅವನ ಮಗಳ ವಯಸ್ಸಿನವಳು. ಎಲ್ಲಿಂದ ಬಂದಿರಿ ಎಂದು ಕೇಳಿದಳು. ಆಸ್ಪತ್ರೆಯ ಹಿಂದಿನ ಗೇಟು ಎಂದ ಕೂಡಲೇ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಆ ಗೇಟಿಗೆ ನಾನೇ ಬಂದು ನೋಟಿಸ್ ಅಂಟಿಸಿದ್ದೆ ಸರ್. ಮಾರ್ಕೆಟಿನ ಹತ್ರ, ಬಸ್ ಡಿಪೋ ಹತ್ರ, ಎಲ್ಲಾ ಕಡೆ. ದುಡಿಯೋ ಡ್ರೈವರುಗಳು ಬರಲಿ ಅಂತಾನೇ. ನಿಮ್ಮ ಕಡೆಯಿಂದ ಒಬ್ಬರೂ ಬರಲಿಲ್ಲ. ಯಾಕೆ ಅಂತ ಇವತ್ತಿಗೂ ತಲೆ ಕೆಡಿಸ್ಕೋತಾ ಇದೀನಿ."

"ನಮ್ಮಲ್ಲಿ ಮಾದರಿ ಯಾರಿದಾರೆ ಅಮ್ಮಾ ಬರೋಕೆ?"

"ಅಂದ್ರೆ?"

"ನೀವೇ ಹಾಕಿದ್ರಲ್ಲ, ಮಾದರಿ ಚಾಲಕರು ಬೇಕು ಅಂತ. ನಾನು ಕಂಬಕ್ಕೆ ಗುದ್ದಿದೀನಿ, ಸ್ಕೂಟರ್ ಕನ್ನಡಿ ಮುರಿದಿದೀನಿ. ಯಾವ ಮುಖ ಇಟ್ಕೊಂಡು ಬರಲಿ?"

ಅವಳು ಎರಡೂ ಕೈಗಳಿಂದ ಮುಖ ಒರೆಸಿಕೊಂಡಳು.

"ಮಾದರಿ ಅಂದ್ರೆ ಸ್ಯಾಂಪಲ್ ಸರ್. ಆದರ್ಶ ಅಂತ ಅಲ್ಲ. ನಮ್ಮ ಪುಸ್ತಕಗಳಲ್ಲಿ ಸ್ಯಾಂಪಲ್‌ಗೆ ಮಾದರಿ ಅಂತಾನೇ ಬರೆಯೋದು. ಎಲ್ಲಾ ಥರದವರು ಬೇಕಿತ್ತು ನಮಗೆ. ಗುದ್ದಿದವರು, ಗುದ್ದದೇ ಇರೋರು, ಎಲ್ಲಾ."

"ಸ್ಯಾಂಪಲ್ಲಾ?" ಬ್ರೇಕಣ್ಣನಿಗೆ ನಗು ಬಂತು, ತಡೆಯಲಾಗಲಿಲ್ಲ. "ಹಾಗಂತ ಬರೆದಿದ್ರೆ ಲಾರಿ ಮಾಡ್ಕೊಂಡು ಬರ್ತಿದ್ವಲ್ಲಮ್ಮಾ! ನಮ್ಮ ಗೇಟಲ್ಲಿ ಒಬ್ಬೊಬ್ಬನೂ ಒಂದೊಂದು ಸ್ಯಾಂಪಲ್ಲು. ಆ ಆಂಬುಲೆನ್ಸ್‌ನವನು ಒಬ್ನೇ ಸಾಕಾಗಿತ್ತು ನಿಮಗೆ."

ಅವಳೂ ನಕ್ಕಳು.

ಒಂದು ಪದ. ಶಾಲೆಯಲ್ಲಿ ಮಾದರಿ ವಿದ್ಯಾರ್ಥಿ ಎಂದು ಯಾರದೋ ಮಗನನ್ನು ತೋರಿಸಿ ನಮ್ಮ ಕಿವಿ ಹಿಂಡಿದರು. ಬಟ್ಟೆ ಅಂಗಡಿಯಲ್ಲಿ ಮಾದರಿ ಎಂದು ಅಂಗೈಯಗಲದ ತುಂಡನ್ನು ಕೊಟ್ಟರು. ಎರಡೂ ಒಂದೇ ಪದವಾದರೂ ನಾವು ಎಡವಿದ್ದಿಲ್ಲ, ಏಕೆಂದರೆ ಬಟ್ಟೆಯ ತುಂಡಿಗೆ ಅವಮಾನವಿಲ್ಲ. ಮನುಷ್ಯನನ್ನು ಕರೆಯುವಾಗ ಆ ಪದ ಮುಳ್ಳಾಯಿತು. ತನ್ನ ತಪ್ಪುಗಳನ್ನು ಲೆಕ್ಕವಿಟ್ಟವನು ಹಿಂದೆ ಸರಿದ. ತನ್ನಲ್ಲಿ ತಪ್ಪೇ ಕಾಣದವನು ಅಂಗಿ ಸರಿಮಾಡಿಕೊಂಡು ಮುಂದೆ ಹೋದ. ಪದವನ್ನು ಬರೆದವಳಿಗೆ ಕೆಟ್ಟ ಉದ್ದೇಶವಿರಲಿಲ್ಲ. ಹಿಂದಿನ ಗೇಟಿನಲ್ಲಿ ನಿಂತು ಯಾರಿಗಾದರೂ ಅದನ್ನು ಒಮ್ಮೆ ಓದಿ ಹೇಳಿದ್ದರೆ ಸಾಕಿತ್ತು. ಅಂಟಿಸಿ ಹೋದಳು.

"ನಾನು ವರದಿಯ ಕೊನೇಲಿ ಬರೆದಿದ್ದೆ ಸರ್" ಎಂದಳು ಅವಳು. "ತಾವಾಗೇ ಬಂದವರು ಬರದವರಿಗಿಂತ ಚೆನ್ನಾಗಿ ಓಡಿಸೋರು ಇರಬಹುದು, ದುಡಿಯೋ ಚಾಲಕರು ಇದರಲ್ಲಿ ಇಲ್ಲ, ಎಲ್ಲರಿಗೂ ಇದನ್ನ ಅನ್ವಯಿಸಬೇಡಿ ಅಂತ. ಕಚೇರಿಯವರು ಕೋಷ್ಟಕ ಮಾತ್ರ ತಗೊಂಡ್ರು. ಎರಡು ಸಲ ಹೋಗಿ ಹೇಳಿದೆ. ನಿಮ್ಮದೇ ಅಂಕಿ ತಾನೇ ಅಂತಾರೆ."

"ಇನ್ನೊಂದು ಸಲ ಪರೀಕ್ಷೆ?"

"ಅದು ನನ್ನ ಮಾತಿಂದ ಆಗಲ್ಲ ಸರ್."

"ನನ್ನ ಕಣ್ಣು ನಿಜವಾಗಿ ಹೋಗಿದ್ರೆ ನಾನೇ ಬಿಡ್ತೀನಿ ಅಮ್ಮಾ. ನಾನು ಗುದ್ದಿ ಯಾರಾದ್ರೂ ಸಾಯೋದು ಬೇಡ. ಆದ್ರೆ ಹೋಗಿದೆಯಾ ಇಲ್ವಾ ಅಂತ ಯಾರು ಹೇಳ್ತಾರೆ?"

ಈ ಪ್ರಶ್ನೆಯನ್ನು ನಾನು ನನ್ನ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ. ಬ್ರೇಕಣ್ಣ ಅಪಾಯವಿಲ್ಲದ ಚಾಲಕ ಎಂದು ನಾನು ಆಣೆ ಮಾಡುವುದಿಲ್ಲ, ಆ ಎರಡು ಚುಕ್ಕೆ ನನಗೂ ನೆನಪಿವೆ. ವಯಸ್ಸಾದವರ ಕೈಯಿಂದ ಸ್ಟಿಯರಿಂಗ್ ತೆಗೆಯಲೇಬೇಕಾದ ದಿನ ಬರುತ್ತದೆ, ನನಗೂ ಬರಲಿದೆ. ಆ ದಿನ ಯಾವುದು ಎಂದು ಹೇಳಲು ಅವನಂಥವರನ್ನೇ ಅಳೆದಿರಬೇಕಿತ್ತು. ಮಳೆಯಲ್ಲಿ, ಸಂದಣಿಯಲ್ಲಿ, ಮೂಟೆ ಹೊತ್ತು ದಣಿದ ಮೈಯಲ್ಲಿ ಓಡಿಸುವವರನ್ನು. ಅಳೆದದ್ದು ಹೊದಿಕೆಯ ಕಾರಿನವರನ್ನು. ಈಗ ಮಳೆಗೆ ಹೆದರುವ ಭಾವ ಸುರಕ್ಷಿತ ಚಾಲಕ ಎಂದು ಮುದ್ರೆ ಬಿದ್ದಿದೆ, ಮಳೆಯಲ್ಲೇ ಓಡಿಸಿದ ಬ್ರೇಕಣ್ಣ ಅಪಾಯಕಾರಿ ಎಂದು ಮುದ್ರೆ ಬಿದ್ದಿದೆ. ಎರಡೂ ಮುದ್ರೆ ಒಂದೇ ಕೈಯದು. ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಸಹಿ ಹಾಕಿದ್ದಾರೆ.

ಸಂಶೋಧಕಿ ಏನೋ ಹೊಳೆದವಳಂತೆ ಮುಂದಕ್ಕೆ ಬಾಗಿದಳು.

"ಮತ್ತೆ ಮಾಡ್ತಾ ಇದೀವಿ ಸರ್. ಈ ಸಲ ದುಡಿಯೋರನ್ನೇ ತಗೊಂಡು. ನೀವು ಬನ್ನಿ. ನಿಮ್ಮ ಗೇಟಿನವರನ್ನೆಲ್ಲ ಕರ್ಕೊಂಡ್ಬನ್ನಿ. ಅದರ ಫಲಿತಾಂಶ ಬಂದ್ರೆ ಗೆರೆ ಬದಲಾಯಿಸಲೇಬೇಕಾಗತ್ತೆ."

"ಬರ್ತೀನಿ. ಯಾವತ್ತು?"

"ಬುಧವಾರದಿಂದ. ಲೈಸೆನ್ಸಿನ ನಕಲು ಒಂದು..." ಎಂದವಳು ಅಲ್ಲೇ ನಿಂತಳು.

ಬ್ರೇಕಣ್ಣ ಅವಳನ್ನೇ ನೋಡುತ್ತಿದ್ದ.

"ಚಾಲ್ತಿಯಲ್ಲಿರೋ ಲೈಸೆನ್ಸ್ ಇರಬೇಕು ಸರ್" ಎಂದಳು ಅವಳು, ಈ ಸಲ ನೆಲ ನೋಡುತ್ತಾ. "ಚಾಲಕ ಅಂದ್ರೆ ಲೈಸೆನ್ಸ್ ಇರೋರು ಅಂತ. ಇಲ್ಲದವರನ್ನ ಬರೀ ಪರದೆ ಮುಂದೆ ಕೂರಿಸೋಕೂ ನಮಗೆ ಅನುಮತಿ ಸಿಗಲ್ಲ."

"ಹಾಗಾದ್ರೆ ಗೆರೆಯಿಂದ ಕೆಳಗೆ ಬಿದ್ದವರು ಯಾರೂ ಬರೋ ಹಾಗಿಲ್ಲ."

"ಇಲ್ಲ ಸರ್."

"ಬಿದ್ದವರನ್ನ ಬಿಟ್ಟು, ಉಳಿದವರನ್ನ ಅಳೆಯೋದು."

ಅವಳು ಬಾಗಿಲವರೆಗೆ ಬಂದು, ಕ್ಷಮಿಸಿ ಎಂದಳು. ಅವನು, ನಿನ್ನದೇನಿದೆ ತಾಯಿ, ಎಂದು ಹೇಳಿ ಬಸ್ಸಿಗೆ ಹೋದ.

ಆದರೂ ಒಂದು ದಾರಿ ಉಳಿದಿತ್ತು. ಗೇಟಿನವರಿಗೆ ಲೈಸೆನ್ಸ್ ಇತ್ತು. ಅವರು ಹೋದರೆ ಗೆರೆ ಸರಿಯಬಹುದು, ಸರಿದರೆ ತನಗೂ ಮತ್ತೊಂದು ಬಾಗಿಲು ತೆರೆಯಬಹುದು. ಮಾರನೆಯ ದಿನ ಲಾಂಡ್ರಿಗೆ ಹೋಗುವ ಮೊದಲು ಬ್ರೇಕಣ್ಣ ಆಸ್ಪತ್ರೆಯ ಹಿಂದಿನ ಗೇಟಿಗೆ ಬಂದ. ನಡೆದು ಬಂದವನನ್ನು ಕಂಡು ಎಲ್ಲರೂ ಜಾಗ ಮಾಡಿಕೊಟ್ಟರು, ಟೀ ತರಿಸಿದರು. ಹೀಗೆ ಮರ್ಯಾದೆ ಸಿಕ್ಕಿದ್ದು ಅಲ್ಲಿ ಅದೇ ಮೊದಲು. ಅದು ಅವನಿಗೆ ಹಿಡಿಸಲಿಲ್ಲ.

ಪದದ ಕಥೆ ಹೇಳಿದ. ಗಾಡಿಗಳ ನಡುವೆ ನಗು ಎದ್ದಿತು. ಸ್ಯಾಂಪಲ್‌ಗಳು ಬೇಕಂತೆ, ಬುಧವಾರ ಎಲ್ಲರೂ ಹೋಗಿ ಎಂದ. ನಗು ನಿಂತಿತು.

"ಹೋಗಿ ಏನ್ ಮಾಡೋದಣ್ಣ?" ಸಿಲಿಂಡರಿನವನು ಕೇಳಿದ.

"ಅದೇ ಪರದೆ, ಚುಕ್ಕೆ. ಬಂದ ಹಾಗೆ ಒತ್ತೋದು. ಯಾರೂ ಫೇಲ್ ಮಾಡಲ್ಲ ಅಲ್ಲಿ. ನಮ್ಮಂಥವರು ಹೇಗಿದೀವಿ ಅಂತ ಬರ್ಕೋತಾರೆ, ಅಷ್ಟೇ."

"ನಾನು ನಿಧಾನ ಅಂತ ಗೊತ್ತಾದ್ರೆ? ಕಚೇರಿಗೆ ಹೇಳಲ್ಲ ಅಂತ ಏನ್ ಗ್ಯಾರಂಟಿ?"

"ಹೇಳಲ್ಲ ಬಿಡೋ ಆ ಹುಡುಗಿ. ಒಳ್ಳೆಯವಳು."

"ಒಳ್ಳೆಯವಳೇ ಇರ್ಬಹುದು. ನಿನ್ನ ವ್ಯಾನ್ ಹೋಗಿದ್ದು ಒಳ್ಳೆಯವಳ ಅಂಕಿಯಿಂದ ತಾನೇ?"

ಬ್ರೇಕಣ್ಣ ಆಂಬುಲೆನ್ಸಿನವನ ಕಡೆ ತಿರುಗಿದ. ಕುತ್ತಿಗೆ ತಿರುಗದೆ ಇಡೀ ಮೈಯನ್ನೇ ತಿರುಗಿಸಿದ. "ನೀನಾದ್ರೂ ಹೋಗೋ. ನೀನು ಹೋದ್ರೆ ಉಳಿದವರು ಬರ್ತಾರೆ."

ಆಂಬುಲೆನ್ಸಿನವನು ಟೀ ಪೂರ್ತಿ ಕುಡಿದ. "ಮುಂದಿನ ತಿಂಗಳು ನಂದೂ ರಿನ್ಯೂವಲ್ ಇದೆ ಅಣ್ಣ" ಎಂದ. ಅಲ್ಲಿಯವರೆಗೆ ಅವನು ಬ್ರೇಕಣ್ಣನನ್ನು ಬರೀ ಅಣ್ಣ ಎಂದು ಕರೆದದ್ದೇ ಇರಲಿಲ್ಲ. "ಮೊಮ್ಮಗಳ ಫೋನಲ್ಲಿ ಚುಕ್ಕೆ ಒತ್ತಿ ಒತ್ತಿ ಅಭ್ಯಾಸ ಮಾಡ್ತಾ ಇದೀನಿ. ಅದಾಗೋವರೆಗೆ ಯಾರ ಯಂತ್ರದ ಮುಂದೇನೂ ನಾನು ಕೂರಲ್ಲ. ಬೈಬೇಡ."

"ಪಾಸಾದ್ಮೇಲೆ?"

"ಪಾಸಾದ್ಮೇಲೆ ಯಾಕ್ ಹೋಗ್ಲಿ?"

ಒಳಗಿನಿಂದ ಯಾರೋ ಕೂಗಿದರು. ಆಂಬುಲೆನ್ಸಿಗೆ ಕರೆ ಬಂದಿತ್ತು. ಲೋಟವನ್ನು ಬ್ರೇಕಣ್ಣನ ಕೈಗೆ ಕೊಟ್ಟು ಅವನು ಓಡಿಹೋಗಿ ಗಾಡಿ ಹತ್ತಿದ. ಉಳಿದವರು ತಮ್ಮ ತಮ್ಮ ಗಾಡಿಯ ಟಯರುಗಳಲ್ಲಿ ಗಾಳಿ ಇದೆಯೇ ಎಂದು ಒದ್ದು ನೋಡತೊಡಗಿದರು. ಬುಧವಾರ ಆ ಗೇಟಿನಿಂದ ಯಾರೂ ಹೋಗಲಿಲ್ಲ.